ಮಗಳ ಬಾಲದೆಲುಬೂ ನನ್ನ ಹನ್ನೊಂದು ಸೋಮವಾರವೂ

ನಮ್ಮ ಮನೆಗೆ ಜಡ್ಡು ಜಾಡ್ಯ ಒಂಟಿಯಾಗಿ ಬಂದದ್ದೇ ಇಲ್ಲ. ಬರುವಾಗ ಹತ್ತು ಮಂದಿ ಬುದ್ಧಿ ಹೇಳುವವರನ್ನು ಕರೆದುಕೊಂಡು ಬರುತ್ತದೆ, ಹೋಗುವಾಗ ನನ್ನ ಮರ್ಯಾದೆಯನ್ನು ತೆಗೆದುಕೊಂಡು ಹೋಗುತ್ತದೆ. ಶಿವ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಮೊದಮೊದಲು ತಿಳಿದುಕೊಂಡಿದ್ದೆ. ಈಗೀಗ, ಅವನಿಗೂ ಹೊತ್ತು ಹೋಗಬೇಕಲ್ಲ ಎಂದು ಅನ್ನಿಸುತ್ತದೆ.

ಗಬ್ಬೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಇಯತ್ತೆಯ ತನಕ. ಮುಂಜಾನೆ ಮೈ ತೊಳೆದು, ವಿಭೂತಿ ಹಚ್ಚಿಕೊಂಡು, ಶಿವನ ಗುಡಿಗೆ ಹೋಗಿ ಬಂದು ಗಿರಣಿ ಚಾಲೂ ಮಾಡಿದೆನೆಂದರೆ ಸಂಜೆಯವರೆಗೆ ನಿಂತೇ ಇರುತ್ತೇನೆ. ಜೋಳ ಬೀಸುವವನಿಗೆ ಕುಳಿತುಕೊಳ್ಳಲು ಹೊತ್ತೂ ಇಲ್ಲ, ಜಾಗವೂ ಇಲ್ಲ. ಅದಕ್ಕೇ ಈ ಲೋಕದಲ್ಲಿ ಸುಖವೆಂಬುದು ಏನಾದರೂ ಇದ್ದರೆ ಅದು ಕುಳಿತುಕೊಳ್ಳುವುದರಲ್ಲಿದೆ ಎಂದು ನಂಬಿಕೊಂಡು ಬಂದವನು ನಾನು. ಕುಳಿತರೆ ನೋಯುತ್ತದೆ ಎಂದು ಯಾರಾದರೂ ಹೇಳಿದರೆ, ಉಂಡರೆ ಹಸಿವಾಗುತ್ತದೆ ಎಂದಂತೆ ಕೇಳಿಸುತ್ತಿತ್ತು ನನಗೆ. ಹೋದ ವರ್ಷ ನನ್ನ ಒಬ್ಬಳೇ ಮಗಳು, ಹನ್ನೆರಡು ವರ್ಷದವಳು, ಅದನ್ನೇ ಹೇಳಿದಳು. ಆ ವರ್ಷದ ಕಥೆ ಇದು. ಈಗ ನಗುತ್ತ ಬರೆಯುತ್ತಿದ್ದೇನೆ, ಆಗ ಒಬ್ಬರೂ ನಕ್ಕಿರಲಿಲ್ಲ. ತಪ್ಪಾಯಿತು, ನನ್ನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕಿದ್ದರು.

ಬೆಳೆಯುವ ನೋವು

ಮಗಳು ಆ ವರ್ಷ ಜೋಳದ ದಂಟಿನ ಹಾಗೆ ಎದ್ದಿದ್ದಳು. ಯುಗಾದಿಗೆ ಹೊಲಿಸಿದ ಲಂಗ ಕಾರಹುಣ್ಣಿಮೆಗೆ ಗಿಡ್ಡವಾಗಿತ್ತು. ಶಾಲೆ ಶುರುವಾದ ವಾರ ಬಚ್ಚಲ ಪರಸಿಕಲ್ಲಿನ ಮೇಲೆ ಕಾಲು ಜಾರಿ, ಕುಳಿತ ಭಂಗಿಯಲ್ಲೇ ಧೊಪ್ಪೆಂದು ಬಿದ್ದಳು. ಎದ್ದು ನಕ್ಕಳು. ನಾವೂ ನಕ್ಕೆವು. ಮಾತು ಮುಗಿಯಿತು ಅಂದುಕೊಂಡೆವು.

ಹದಿನೈದು ದಿನ ಬಿಟ್ಟು ಊಟಕ್ಕೆ ಕುಳಿತಾಗ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು.

"ಯಪ್ಪಾ, ಕುಂದ್ರಾಕ ಆಗವಲ್ದು."

"ಎಲ್ಲಿ ಬ್ಯಾನಿ?"

"ಬೆನ್ನು ಮುಗೀತದಲ್ಲ, ಕೆಳಗ, ಅಲ್ಲಿ. ಕುಂತ್ರ ಚುಚ್ಚತದ. ಎದ್ದು ನಿಲ್ಲೂ ಮುಂದ ಮೊಳಿ ಬಡದಂಗ ಆಗ್ತದ."

ನನ್ನ ಅವ್ವ, ಅಂದರೆ ಅವಳ ಅಜ್ಜಿ, ತಾಟಿನಿಂದ ಮುಖ ಎತ್ತದೆ ತೀರ್ಪು ಕೊಟ್ಟಳು. "ಬೆಳಿಯಾಕತ್ತಾಳ. ಎಲುಬು ಎಳೀತಾವ. ನೀ ಬೆಳಿಯೂ ಮುಂದ ಮೊಣಕಾಲು ಹಿಡಕೊಂಡು ಊರೆಲ್ಲ ಕೇಳೂವಂಗ ಅಳ್ತಿದ್ದಿ."

ಅವ್ವ ಹೇಳಿದ ಮೇಲೆ ನನ್ನದೇನಿದೆ? ನಾನೂ ಗಂಟಲು ಸರಿಮಾಡಿಕೊಂಡು, ನಿಧಾನವಾಗಿ, ತಿಳಿದವರ ಹಾಗೆ ಹೇಳಿದೆ: "ಬೆಳಿಯೋರಿಗೆ ಹಂಗ ಆಗ್ತದವ್ವಾ. ಸುಮ್ಮನ ಕುಂದ್ರು."

ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನನ್ನ ಮಗಳು ಇಟ್ಟುಕೊಂಡಳು.

"ಬೆಳಿಯೂದು ಮ್ಯಾಲ ಅಲ್ಲೇನು ಯಪ್ಪಾ? ಬ್ಯಾನಿ ಯಾಕ ಕೆಳಗ?" ಅಂದಳು.

"ಗಿಡ ಬೆಳಿಯೂದು ಬೇರಿನಿಂದ," ಅಂದಳು ಅಜ್ಜಿ.

ಮಗಳು ನಿಂತಲ್ಲೇ ಒಂದು ತುತ್ತು ನುಂಗಿ ಯೋಚಿಸಿದಳು. "ಹಂಗಾರ ನನ್ನ ಹಿತ್ತಲದಾಗ ಹುಗದುಬಿಡ್ರಿ. ಗಿಡಕ್ಕ ಯಾರೂ ಕುಂದ್ರು ಅನ್ನಂಗಿಲ್ಲ."

ಹಿಂದಿನ ಗೋಡೆ

ಶಾಲೆಯ ಬೆಂಚು ಕಟ್ಟಿಗೆಯದು. ಮಗಳು ಮೊದಲ ತಾಸಿಗೆ ನೆಟ್ಟಗೆ ಕುಳಿತು, ಎರಡನೇ ತಾಸಿಗೆ ಒಂದು ಮಗ್ಗುಲಿಗೆ ವಾಲಿ, ಮೂರನೇ ತಾಸಿಗೆ ಎದ್ದು ಹಿಂದಿನ ಗೋಡೆಗೆ ಹೋಗಿ ನಿಲ್ಲತೊಡಗಿದಳು. ಮಾಸ್ತರರು ಒಳ್ಳೆಯವರು. ನೋವಿದ್ದರೆ ನಿಂತೇ ಬರೆಯಲಿ ಎಂದು ಬಿಟ್ಟಿದ್ದರು.

ಆದರೆ ಊರಿನ ಬಾಯಿ ಯಾರು ಕಟ್ಟುತ್ತಾರೆ? ಗಿರಣಿಗೆ ಜೋಳ ತಂದವರೆಲ್ಲ ಪುಟ್ಟಿ ಇಳಿಸುತ್ತ ಕೇಳುತ್ತಿದ್ದರು. "ನಿನ್ನ ಮಗಳಿಗೆ ದಿನಾ ಶಿಕ್ಷಾ ಅಂತಲ್ಲ?" ಗಿರಣಿಯ ಸದ್ದಿನಲ್ಲಿ ಸಣ್ಣಗೆ ಉತ್ತರ ಕೊಡಲು ಬರುವುದಿಲ್ಲ. "ಇಲ್ರಿ, ಅಕಿಗೆ ಕುಂದ್ರೂ ಜಾಗಾದಾಗ ಬ್ಯಾನಿ ಅದ," ಎಂದು ನಾನು ಒದರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಗಿರಣಿ ನಿಲ್ಲುತ್ತಿತ್ತು. ನನ್ನ ಮಾತು ಓಣಿಗೆಲ್ಲ ಕೇಳುತ್ತಿತ್ತು.

ನನ್ನ ತಮ್ಮ ಬಂದವನು, "ಏಳನೇತ್ತ ಆತಲ್ಲ, ಶಾಲಿ ಬಿಡಿಸು. ಮನಿಯಾಗ ಬೇಕಂದಾಗ ಮಲಗತಾಳ," ಅಂದ. ನಾನು ಏಳನೇತ್ತಕ್ಕೇ ಬಿಟ್ಟವನು. ಮಗಳನ್ನಾದರೂ ಆ ಗೆರೆ ದಾಟಿಸಬೇಕೆಂದು ದಿನಾ ವಿಭೂತಿ ಹಚ್ಚುವಾಗ ಕೇಳಿಕೊಳ್ಳುವವನು. ಅವಳು ಸರಿಯಾಗಿ ಅದೇ ಗೆರೆಯ ಮೇಲೆ ಬಂದು ಗೋಡೆಗೆ ಒರಗಿ ನಿಂತಿದ್ದಳು.

ಆ ವಾರವೇ ದೇವದುರ್ಗದಿಂದ ಶಾಲೆಯ ತಪಾಸಣೆಗೆ ಸಾಹೇಬರು ಬಂದರು. ಹಿಂದೆ ನಿಂತ ಹುಡುಗಿಯನ್ನು ನೋಡಿ ಮಾಸ್ತರರಿಗೆ, "ಮಕ್ಕಳಿಗೆ ನಿಲ್ಲಿಸೂ ಶಿಕ್ಷಾ ಕೊಡಬಾರದು ಅಂತ ಹೇಳ್ಯಾರಿಲ್ಲ?" ಅಂದರಂತೆ. ಮಾಸ್ತರರು, "ನಾ ನಿಲ್ಲಿಸಿಲ್ರಿ ಸರ್, ಅಕಿನೇ ನಿಂತಾಳ," ಅಂದರು. ಸಾಹೇಬರು ನಂಬಲಿಲ್ಲ. ಮಗಳ ಹತ್ತಿರ ಬಂದು, ಮೆತ್ತಗಿನ ದನಿಯಲ್ಲಿ, "ಹೆದರಬ್ಯಾಡ, ಖರೇ ಹೇಳು. ಏನು ತಪ್ಪು ಮಾಡಿದಿ?" ಎಂದು ಕೇಳಿದರು.

"ಎರಡು ತಾಸು ಕುಂತಿದ್ದೆ ರೀ," ಅಂದಳು ಮಗಳು.

ಮಾನ್ವಿಯ ಬಿದಿರು

ಮಾನ್ವಿಯಲ್ಲಿ ನನ್ನ ಮನೆಯಾಕೆಯ ಅಕ್ಕ ಇದ್ದಾಳೆ. ಅವಳ ಓಣಿಯಲ್ಲಿ ಎಲುಬು ಕಟ್ಟುವ ಅಜ್ಜನೊಬ್ಬ. ಕೈ ಮುರಿದವರು, ಕಾಲು ಮುರಿದವರು ಸಿರವಾರದ ಕಡೆಯಿಂದಲೂ ಅವನ ಕಟ್ಟೆಗೆ ಬರುತ್ತಾರೆ. ಕರೆದುಕೊಂಡು ಹೋದೆವು.

ಅಜ್ಜ ಮಗಳ ಬೆನ್ನಿನ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿದ. ಆಮೇಲೆ ಪ್ರಾಮಾಣಿಕವಾಗಿಯೇ ಹೇಳಿದ: "ಕೈ ಇದ್ದಿದ್ರ ಕಟ್ತಿದ್ದೆ. ಕಾಲು ಇದ್ದಿದ್ರ ಕಟ್ತಿದ್ದೆ. ಇದು ಬಾಲದೆಲುಬು. ಎಲ್ಲಿಂದ ಎಲ್ಲಿಗೆ ಕಟ್ಟಬೇಕು? ಕಟ್ಟೂ ಜಾಗ ಅಲ್ಲಪ್ಪ ಇದು. ದವಾಖಾನಿಗೆ ತೋರಸು."

ಅಲ್ಲಿಗೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ನನಗೆ ಸಮಾಧಾನವಾಗಲಿಲ್ಲ. ಎರಡು ಬಸ್ಸು ಬದಲಿಸಿ ಬಂದು ಬರಿಗೈಯಲ್ಲಿ ಹೋಗುವುದೆಂದರೆ ಏನು? "ಅಜ್ಜಾ, ದೂರಿಂದ ಬಂದೀವಿ. ಏನಾದ್ರೂ ಒಂದು ಕಟ್ಟು," ಎಂದು ಕೈ ಮುಗಿದೆ.

ಅಜ್ಜನಿಗೆ ದಾಕ್ಷಿಣ್ಯ ಹುಟ್ಟಿತು. ಎಣ್ಣೆ ಹಚ್ಚಿ, ಬೆನ್ನಿನಿಂದ ಟೊಂಕದ ತನಕ ನಾಲ್ಕು ಬಿದಿರು ದಬ್ಬೆ ಇಟ್ಟು, ಬಟ್ಟೆ ಸುತ್ತಿ ಬಿಗಿದ. ನೋವು ಇದ್ದ ಜಾಗವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕಟ್ಟಿದ. ಮಗಳು ಹೊಲದ ಬೆದರುಗೊಂಬೆಯ ಹಾಗೆ ನಿಂತುಬಿಟ್ಟಳು. ಬಗ್ಗಲು ಬರದು, ಕುಳಿತುಕೊಳ್ಳಲು ಬರದು. ನೋವು ಕುಳಿತರೆ ಮಾತ್ರ ಬರುವಂಥದ್ದು, ಈಗ ಕುಳಿತುಕೊಳ್ಳುವುದೇ ಇಲ್ಲವಲ್ಲ, ಇದೂ ಒಂದು ಉಪಾಯ ಎಂದು ನಾನು ಸಮಾಧಾನ ಮಾಡಿಕೊಂಡೆ.

ಸಿರವಾರದಲ್ಲಿ ಬಸ್ಸು ಬದಲಿಸಿದೆವು. ಒಳಗೆ ಹೆಣ್ಣುಮಕ್ಕಳು ಸೀಟಿಗೆ ಕೈ ಕೈ ಮಿಲಾಯಿಸುತ್ತಿದ್ದರು. ಒಬ್ಬ ಪುಣ್ಯಾತ್ಗಿತ್ತಿ ಮಗಳ ಮುಖ ನೋಡಿ ಎದ್ದು ಜಾಗ ಕೊಟ್ಟಳು. ಇವಳು ಕಂಬಿ ಹಿಡಿದು ನಿಂತೇ ಇದ್ದಳು. ಕಂಡಕ್ಟರ್ ಬಂದ.

"ಕುಂದ್ರವ್ವಾ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂತ ನಾಚಿಕೊಂಡು ನಿಂತೀ ಏನು?"

"ಬಗ್ಗಾಕ ಬರಂಗಿಲ್ರಿ ಅಕಿಗೆ," ಅಂದೆ. "ಒಳಗ ಬಿದಿರು ಕಟ್ಟ್ಯಾರ."

ಕಂಡಕ್ಟರ್ ಅವಳನ್ನು ಹಿಂದೆ ಮುಂದೆ ನೋಡಿದ. ಟಿಕೆಟ್ ಯಂತ್ರ ಕೈಗೆ ತೆಗೆದುಕೊಂಡ.

"ಹುಡುಗಿ ಪುಕ್ಕಟ ರೀ. ಬಿದಿರಿಗೆ ಲಗೇಜ್ ಹಾಕಬೇಕಾಗ್ತದ ನೋಡ್ರಿ."

ದೇವದುರ್ಗದ ಸೂಜಿ

ಇದು ಸಣ್ಣದು. ಬಿದಿರು ಬಿಚ್ಚಿದ ಮೇಲೆ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ದೇವದುರ್ಗಕ್ಕೆ ಹೋದೆ. ಅಲ್ಲಿ ನಮ್ಮ ಕಡೆಯ ಮಂದಿಯೆಲ್ಲ ಹೋಗುವ ಒಬ್ಬ ವೈದ್ಯರು. ಅವರ ಪದ್ಧತಿ ಎಲ್ಲರಿಗೂ ಗೊತ್ತು: ಜ್ವರಕ್ಕೂ ಸೂಜಿ, ಕೆಮ್ಮಿಗೂ ಸೂಜಿ. ಸೂಜಿ ಮಾಡದೆ ಕಳಿಸಿದರೆ ನಮ್ಮ ಮಂದಿಯೇ ವಾಪಸು ಬಂದು ಜಗಳ ತೆಗೆಯುತ್ತಾರೆ, ಅವರದೇನು ತಪ್ಪು?

"ಎಲ್ಲಿ ನೋವು?" ಅಂದರು. ನಾನು ಆ ಜಾಗದ ಹೆಸರನ್ನು ಬಾಯಿಂದ ಹೇಳಲಾರದೆ, ನನ್ನದೇ ಬೆನ್ನ ಹಿಂದೆ ಕೈ ಮಾಡಿ ತೋರಿಸಿದೆ. "ಬರೋಬರಿ ಆತು. ಸೂಜಿ ಮಾಡೂದೂ ಅಲ್ಲೇ," ಅಂದರು ಅವರು, ಅರ್ಧ ಕೆಲಸ ತಾನಾಗೇ ಆದವರ ಹಾಗೆ.

ಮಗಳು ಪರದೆಯ ಹಿಂದಿನಿಂದ ಕುಂಟುತ್ತ ಹೊರಗೆ ಬಂದಳು.

"ಕಡಿಮಿ ಆತೇನವ್ವಾ?"

"ಮೊದಲು ನಡುವ ಒಂದಽ ಕಡಿ ಇತ್ತು ಯಪ್ಪಾ. ಈಗ ಮಗ್ಗಲಿಗೊಂದು ಜೋಡಿ ಸಿಕ್ಕಾದ."

ನನ್ನ ಫೋಟೋ

ಕಡೆಗೆ ರಾಯಚೂರಿಗೆ ಹೋಗುವುದೆಂದಾಯಿತು. ಅಷ್ಟೊತ್ತಿಗೆ ನನ್ನ ಮನಸ್ಸು ಸೋತು ಹೋಗಿತ್ತು. ಕೂಸಿನ ಬೆನ್ನೆಲುಬಿಗೇ ಏನಾದರೂ ಆಗಿದ್ದರೆ? ಮುಂದೆ ನಡೆಯಲೂ ಬಾರದಂತಾದರೆ? ಹೆಣ್ಣು ಕೂಸು. ದಾರಿಯುದ್ದಕ್ಕೂ ಮೊಪೆಡ್ಡು ಹೊಡೆಯುತ್ತ ಶಿವ ಶಿವ ಎನ್ನುತ್ತಿದ್ದೆ. ಹಿಂದಿನಿಂದ ಪ್ರತಿ ತಗ್ಗಿಗೂ ಮಗಳು "ಯಪ್ಪಾ" ಎನ್ನುತ್ತಿದ್ದಳು. ಇಬ್ಬರೂ ಪ್ರಾರ್ಥನೆ ಮಾಡುತ್ತಿದ್ದೇವೆ ಎಂದು ತಿಳಿದೆ.

ದೊಡ್ಡ ದವಾಖಾನೆ. ಡಾಕ್ಟರಮ್ಮ ಚೀಟಿ ಬರೆದು ಎಕ್ಸರೇಗೆ ಕಳಿಸಿದರು. ಆ ಕೋಣೆಯ ಹುಡುಗ ಗಡಿಬಿಡಿಯಲ್ಲಿದ್ದ. ಚೀಟಿ ನನ್ನ ಕೈಯಲ್ಲಿತ್ತು. "ಎಲ್ಲಿ ಬ್ಯಾನಿ?" ಅಂದ. ನಾನು ಮೊದಲಿನ ಹಾಗೇ ನನ್ನ ಬೆನ್ನ ಹಿಂದೆ ಕೈ ಮಾಡಿ ತೋರಿಸಿದೆ. "ಮಲಗ್ರಿ," ಅಂದ. ಮಗಳು ಬಾಗಿಲಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದಳು. ದೊಡ್ಡ ದವಾಖಾನೆ, ಇವರ ಪದ್ಧತಿ ಹೀಗಿರಬೇಕು, ತಂದೆಯ ಎಲುಬು ನೋಡಿ ಮಗಳದ್ದು ಹೇಳುತ್ತಾರೇನೋ ಎಂದುಕೊಂಡು ಮಲಗಿದೆ. ಉಸಿರು ಹಿಡಿ ಅಂದ, ಹಿಡಿದೆ.

ಡಾಕ್ಟರಮ್ಮ ಆ ಫೋಟೋ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಬೆಳಿಯೋ ಮಕ್ಕಳ ಎಲುಬಿನಾಗ ನಡುವ ಸಂದು ಕಾಣ್ತಾವ. ಇದರಾಗ ಎಲ್ಲಾ ಕೂಡಿಬಿಟ್ಟಾವ. ಈ ಹುಡುಗಿ ಬೆಳವಣಿಗಿ ಮುಗದುಹೋಗ್ಯಾದಲ್ಲ?"

ಹನ್ನೆರಡಕ್ಕೇ ಮುಗಿಯಿತೇ? ಕಣ್ಣೀರು ಬಂತು. ಡಾಕ್ಟರಮ್ಮ ಇನ್ನೂ ಫೋಟೋ ನೋಡುತ್ತಿದ್ದರು.

"ಒಂದು ಮಾತು ಹೇಳ್ರಿ. ನಿಮ್ಮ ಮಗಳು ಟೊಂಕಕ್ಕ ಕೀಲಿಕೈ ಕಟ್ಟಿಕೊಂತಾಳೇನು?"

ಫೋಟೋದ ಎಡಗಡೆ, ಎಲುಬಿಗಿಂತ ಸ್ಪಷ್ಟವಾಗಿ, ನನ್ನ ಉಡದಾರಕ್ಕೆ ಕಟ್ಟಿದ ಗಿರಣಿಯ ಕೀಲಿಕೈ ಹಲ್ಲು ಕಿರಿದುಕೊಂಡು ಕುಳಿತಿತ್ತು.

ಭಕ್ತಿಯ ಕಣ್ಣೀರು

ಆಮೇಲೆ ಮಗಳ ಫೋಟೋ ಆಯಿತು. ಡಾಕ್ಟರಮ್ಮ ನೋಡಿ, "ಮುರದಿಲ್ಲ," ಅಂದರು. ನಾನು ಅಷ್ಟೇ ಕೇಳಿಸಿಕೊಂಡೆ. ಅವರು ಮುಂದೆಯೂ ಬಹಳ ಹೇಳಿದರು, ತುಟಿ ಆಡುತ್ತಿದ್ದುದನ್ನು ಕಂಡೆ. ಆದರೆ ನಾನು ಕಣ್ಣು ಮುಚ್ಚಿ ಶಿವನ ಹತ್ತಿರ ಹೋಗಿಬಿಟ್ಟಿದ್ದೆ. ಅಲ್ಲೇ ನಿಂತು ಹರಕೆ ಹೊತ್ತೆ: ಮಗಳು ಹನ್ನೊಂದು ಸೋಮವಾರ ನಿನ್ನ ಗುಡಿಯ ಕಟ್ಟೆಯ ಮೇಲೆ ಕುಳಿತು ಪುರಾಣ ಓದುತ್ತಾಳೆ.

ಮನೆಗೆ ಬರುತ್ತ ಮಗಳಿಗೆ ಹೇಳಿದೆ. "ಫೋಟೋದಾಗ ಏನೂ ಇಲ್ಲ. ಫೋಟೋದಾಗ ಇಲ್ಲ ಅಂದ್ರ ಬ್ಯಾನಿನೂ ಇಲ್ಲ. ಇನ್ನ ಧೈರ್ಯಾಗಿ ಕುಂದ್ರು."

"ಬ್ಯಾನಿ ಅದ ಯಪ್ಪಾ."

"ಮಿಷನ್ ಸುಳ್ಳು ಹೇಳಂಗಿಲ್ಲವ್ವಾ."

ಅಲ್ಲಿಂದ ಮುಂದೆ ಅವಳು ನನ್ನೆದುರು ನೋವಿನ ಮಾತು ಎತ್ತಲಿಲ್ಲ. ವಾಸಿಯಾಯಿತು ಎಂದು ನಾನು ತಿಳಿದೆ.

ಗುಡಿಯ ಕಟ್ಟೆ ಹಳೆಯ ಕರಿಕಲ್ಲಿನದು. ಮೂರು ಸೋಮವಾರ ಅವಳು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಪುರಾಣ ಓದಿದಳು. ದನಿ ನಡುಗುತ್ತಿತ್ತು, ಕಣ್ಣೀರು ಪುಸ್ತಕದ ಮೇಲೆ ಹನಿಯುತ್ತಿತ್ತು. ಮಂದಿ ಕೂಡಿತು. "ಎಂಥಾ ಭಕ್ತಿ ಈ ಕೂಸಿಂದು. ತಂದಿ ಹಂಗಽ ಮಗಳು," ಅಂದರು. ನಾನು ಬೀಗಿದೆ. ಶಿವನ ಎದುರು ಸುಳ್ಳು ಯಾಕೆ, ಬಹಳ ಬೀಗಿದೆ.

ಮೂರನೇ ಸೋಮವಾರ ಒಬ್ಬ ಮುದುಕಿ ಬಂದು ಅವಳ ಗಲ್ಲ ಸವರಿ ಕೇಳಿದಳು. "ಯಾವ ಸಾಲಿಗೆ ಕಣ್ಣೀರು ಬಂತು ನನ್ನವ್ವಾ? ಆ ಸಾಲು ಇನ್ನೊಮ್ಮೆ ಓದು, ನಾನೂ ಅಳ್ತೀನಿ."

"ಕುಂತ ಕೂಡಲೇ ಬಂದಾವ ಅಜ್ಜಿ," ಅಂದಳು ಮಗಳು. "ಪುಸ್ತಕ ಇನ್ನಾ ತಗದಿರಲಿಲ್ಲ."

ಡಾಕ್ಟರಮ್ಮ ಕಿಟಕಿಯಲ್ಲಿ ಇಣುಕಿದ್ದು

ಮರುದಿನ ಮುಂಜಾನೆ ಮಗಳು ಶಾಲೆಯ ಚೀಲವನ್ನು ಗೂಟಕ್ಕೆ ನೇತುಹಾಕಿದಳು. "ನಾ ಇನ್ನ ಹೋಗಂಗಿಲ್ಲ ಯಪ್ಪಾ. ಕಾಕಾ ಹೇಳಿದ್ದು ಬರೋಬರಿ ಅದ," ಅಂದಳು. ಅಳಲಿಲ್ಲ. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ದಿನ ಗಿರಣಿ ಚಾಲೂ ಮಾಡಲಿಲ್ಲ. ಮತ್ತೆ ರಾಯಚೂರಿಗೆ ಹೋದೆವು. ಈ ಸಲ ಡಾಕ್ಟರಮ್ಮ ನನ್ನನ್ನು ಕೇಳಲೇ ಇಲ್ಲ. ಮಗಳನ್ನು ನಿಲ್ಲಿಸಿಕೊಂಡೇ ಅವಳೊಬ್ಬಳನ್ನೇ ಕೇಳಿದರು. ಬಿದ್ದದ್ದು ಯಾವಾಗ, ಯಾವ ಹೊತ್ತಿಗೆ ಹೆಚ್ಚು, ಜ್ವರ ಬರುತ್ತದೆಯೇ, ಕಾಲಿನಲ್ಲಿ ಜೋಮು ಇದೆಯೇ, ಎರಡಕ್ಕೆ ಹೋಗುವಾಗ ತ್ರಾಸವೇ. ಮಗಳು ಒಂದೊಂದಕ್ಕೂ ನೆಟ್ಟಗೆ ಉತ್ತರ ಕೊಟ್ಟಳು. ಇಷ್ಟು ಮಾತು ಅವಳಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. "ಹೋದ ಸಲ ಹೇಳಿದ್ದೆ. ಎಲುಬು ಮುರದಿಲ್ಲ ಅಂದ್ರ ಬ್ಯಾನಿ ಇಲ್ಲ ಅಂತಲ್ಲ. ಬಿದ್ದಾಗ ಪೆಟ್ಟಾಗ್ಯಾದ, ಸುತ್ತ ಬಾವು ಬಂದಾದ. ಮತ್ತ ಮತ್ತ ಅದರ ಮ್ಯಾಲೇ ಕುಂತ್ರ ಹ್ಯಾಂಗ ಮಾಯಬೇಕು? ಫೋಟೋದಾಗ ಎಲುಬು ಕಾಣ್ತದ್ರಿ, ಬ್ಯಾನಿ ಕಾಣಂಗಿಲ್ಲ."

ಒಂದೊಂದಾಗಿ ಬರೆದು ಕೊಟ್ಟರು. ಗಟ್ಟಿ ಜಾಗದಲ್ಲಿ ಕೂರಬಾರದು. ಅರ್ಧ ತಾಸಿಗೊಮ್ಮೆ ಎದ್ದು ಓಡಾಡಬೇಕು. ಕೂರುವಾಗ ಒಂದಿಷ್ಟು ಮುಂದಕ್ಕೆ ಬಾಗಬೇಕು. ಬಿಸಿನೀರಿನ ಕಾವು ಕೊಡಬೇಕು. ಮಲ ಗಟ್ಟಿಯಾಗದಂತೆ ಕಾಯಿಪಲ್ಯ, ನೀರು ಹೆಚ್ಚು. ಹಿಂದಿನ ಕಡೆ ಬಾಯಿ ತೆರೆದ ಮೆತ್ತೆಯ ಮೇಲೆ ಕೂರಬೇಕು, ಆಗ ಬಾಲದೆಲುಬು ಯಾವುದಕ್ಕೂ ತಾಗದೆ ತೂಗುತ್ತದೆ. ಬಹಳ ನೋವಾದರೆ ಇಂಥ ಗುಳಿಗೆ, ಇಷ್ಟೇ. ಜ್ವರ ಬಂದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ಅವತ್ತೇ ಕರೆದುಕೊಂಡು ಬರಬೇಕು. "ತಿಂಗಳುಗಟ್ಲೆ ಹಿಡೀತದ, ಆದ್ರ ಕಡಿಮಿ ಆಗ್ತದ. ಅವಸರ ಮಾಡಬ್ಯಾಡ್ರಿ. ಅಂದಂಗ, ಅಷ್ಟು ದೂರಿಂದ ಹ್ಯಾಂಗ ಬಂದ್ರಿ?"

"ಮೊಪೆಡ್ಡಿನ ಮ್ಯಾಲ್ರಿ. ಆವತ್ತೂ ಹಂಗಽ ಬಂದಿದ್ವಿ. ದೇವದುರ್ಗಕ್ಕೂ ಹಂಗಽ. ದಿನಾ ಶಾಲಿಗೂ ನಾನಽ ಬಿಡ್ತೀನ್ರಿ, ಅಕಿಗೆ ನಡಿಯೂ ತ್ರಾಸ ಬ್ಯಾಡ ಅಂತ."

ಡಾಕ್ಟರಮ್ಮ ಎದ್ದು ಕಿಟಕಿಯಿಂದ ಹೊರಗೆ ನೋಡಿದರು. ನನ್ನ ಮೊಪೆಡ್ಡು ಬೇವಿನ ಗಿಡದ ಕೆಳಗೆ ನಿಂತಿತ್ತು. ಹಿಟ್ಟಿನ ಚೀಲ ಹೇರಲು ಅನುಕೂಲವಾಗಲೆಂದು ಹಿಂದಿನ ಸೀಟು ತೆಗೆಸಿ ಕಬ್ಬಿಣದ ಪಟ್ಟಿಯ ಕ್ಯಾರಿಯರ್ ಕೂರಿಸಿ ನಾಲ್ಕು ವರ್ಷವಾಗಿತ್ತು.

ಅವರು ಕುರ್ಚಿಗೆ ಬಂದು ಕುಳಿತು, ಬರೆದ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು. ನಾನು ಹೊರಗೆ ಬಂದು ಓದಿದೆ: "ವಾಸಿಯಾಗುವ ತನಕ ತಂದೆಯ ಗಾಡಿ ಬಂದ್."

ಸಿಂಬಿ

ಅಂಥ ಮೆತ್ತೆ ಪೇಟೆಯಲ್ಲಿ ಸಿಗುತ್ತದೆ, ಮನೆಯಲ್ಲಿ ಮಾಡಿದರೂ ನಡೆಯುತ್ತದೆ ಎಂದು ಡಾಕ್ಟರಮ್ಮ ಹಾಳೆಯಲ್ಲಿ ಚಿತ್ರ ಬರೆದು ಕೊಟ್ಟಿದ್ದರು. ಮನೆಯಾಕೆ ನೋಡಿದ ಕೂಡಲೇ, "ಇದು ಸಿಂಬಿ," ಅಂದಳು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. "ಒಂದು ಕಡಿ ಬಾಯಿ ಬಿಟ್ಟದ, ಅಷ್ಟಽ ಫರಕು." ಗೂಟದಲ್ಲಿದ್ದ ಅವ್ವನ ಸಿಂಬಿ ಕೈಗೆ ತೆಗೆದುಕೊಂಡಳು.

ಅವ್ವ ಎದ್ದು ನಿಂತಳು. "ನೀರ ಗಂಗವ್ವ ಕುಂದ್ರೂ ಸಿಂಬಿ ಅದು. ತಲಿ ಮ್ಯಾಲಿಂದು ಕುಂಡಿ ಕೆಳಗ ಇಡ್ತೀರಾ? ಈ ಮನ್ಯಾಗ ನೀರು ಸುದ್ದಾ ಬತ್ತತಾವ." ನಾನು ಅವ್ವನ ಕಡೆ. ಮನೆಯಾಕೆ ಮಗಳ ಕಡೆ.

ಸಂಜೆ ಅವ್ವ ತಾನೇ ಹಳೆಯ ಕೌದಿ ಹರಿದು, ಸುತ್ತಿ, ಹೊಲಿದು, ಬಾಯಿ ತೆರೆದ ದೊಡ್ಡದೊಂದು ಸಿಂಬಿ ಮಾಡಿದಳು. "ಇದನ್ನ ಯಾರೂ ತಲಿ ಮ್ಯಾಲ ಇಡಬ್ಯಾಡ್ರಿ," ಎಂದು ಆಣೆ ಹಾಕಿ ಕೊಟ್ಟಳು. ಮಗಳು ಅದರ ಮೇಲೆ ಕುಳಿತಳು. ಎದ್ದಳು. ಮತ್ತೆ ಕುಳಿತಳು. ತಿಂಗಳುಗಳ ಬಳಿಕ ಕುಳಿತು ಎರಡು ರೊಟ್ಟಿ ಉಂಡಳು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಒಲೆಯ ಹೊಗೆಯನ್ನು ಬೈದಳು. ಒಲೆ ಹಚ್ಚಿರಲಿಲ್ಲ.

ಮಗಳು ಚೀಲ ಇಳಿಸಿಕೊಂಡು ಸಿಂಬಿ ಬಗಲಲ್ಲಿ ಇಟ್ಟುಕೊಂಡು ನಡೆದು ಶಾಲೆಗೆ ಹೋದಳು. ನಾಲ್ಕೇ ದಿನಕ್ಕೆ ಮಾಸ್ತರರು ಗಿರಣಿಗೆ ಬಂದರು. "ನಿಮ್ಮ ಮಗಳಿಗೆ ಬ್ಯಾನಿ, ಒಪ್ಪತೀನಿ. ಇವತ್ತು ಹನ್ನೊಂದು ಹುಡುಗ್ಯಾರು ಸಿಂಬಿ ತಂದಾರ. ಇವರಿಗೆಲ್ಲ ಏನಾಗ್ಯಾದ?"

"ಹುಡುಗ್ಯಾರಿಗೆ ಬಿಡಿಸಿ ಹೇಳ್ತೀನಿ, ಸಿಟ್ಟು ಮಾಡಬ್ಯಾಡ್ರಿ," ಎಂದೆ. ಅವರು ಅತ್ತಿತ್ತ ನೋಡಿ, ಗಿರಣಿಯೊಳಕ್ಕೆ ಬಂದು, ದನಿ ತಗ್ಗಿಸಿದರು.

"ಸಿಟ್ಟಿಲ್ರಿ. ನಿಮ್ಮ ಅವ್ವಾರಿಗೆ ಹೇಳಿ ನನಗೂ ಒಂದು ಹೊಲಿಸ್ರಿ. ನನ್ನ ಕುರ್ಚಿನೂ ಕಟ್ಟಿಗಿದು."

ಉಳಿದ ಎಂಟು

ಇಷ್ಟಾದರೂ ನನ್ನ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಹನ್ನೊಂದರಲ್ಲಿ ಎಂಟು ಸೋಮವಾರ ಬಾಕಿ. ಡಾಕ್ಟರಮ್ಮ ಕಲ್ಲಿನ ಮೇಲೆ ಕೂರಬೇಡ ಅಂದಿದ್ದಾರೆ. ಶಿವನಿಗೆ ಕೂರಿಸುತ್ತೇನೆ ಅಂದಿದ್ದೇನೆ. ಸಿಂಬಿ ಹಾಕಿ ಕೂರಿಸಿದರೆ ಹರಕೆಯಲ್ಲಿ ಮೋಸ, ಹಾಕದೆ ಕೂರಿಸಿದರೆ ಮಗಳಿಗೆ ಮೋಸ. ಉಣ್ಣಲಾಗಲಿಲ್ಲ. ಗುಡಿಯ ಅಯ್ಯನವರ ಹತ್ತಿರ ಹೋಗಿ ಕೈ ಕಟ್ಟಿ ನಿಂತೆ.

ಅಯ್ಯನವರು ಎಲ್ಲ ಕೇಳಿ, ಬಿಲ್ವಪತ್ರಿ ಆರಿಸುವುದನ್ನು ನಿಲ್ಲಿಸದೆ ಹೇಳಿದರು. "ಹರಕಿ ಹೊತ್ತವರು ಯಾರು?"

"ನಾ ರೀ ಅಯ್ಯಾರ."

"ಕುಂತಾಕಿ ಯಾರು?"

"ಮಗಳು ರೀ."

"ಬಾಯಿ ನಿನ್ನದು, ಬೆನ್ನು ಅಕಿದು. ಇದು ಯಾವ ಊರ ನ್ಯಾಯಪ್ಪ? ಉಳದ ಎಂಟು ನೀ ಕುಂದ್ರು. ಶಿವ ಏನೂ ಅನ್ನಂಗಿಲ್ಲ. ಅನ್ನೂದಿದ್ರ ನಿನಗಽ ಅಂತಾನ."

ಎದೆ ಹಗುರಾಯಿತು. ಇದೇನು ದೊಡ್ಡದು, ಹುಟ್ಟಿನಿಂದ ನಿಂತೇ ಬಂದವನಿಗೆ ಎಂಟು ಸೋಮವಾರ ಕುಳಿತುಕೊಳ್ಳುವ ಸುಖ, ಅದೂ ಶಿವನ ಸನ್ನಿಧಿಯಲ್ಲಿ ಎಂದುಕೊಂಡೆ. ಮುಂಜಾನೆಯಿಂದ ಮಧ್ಯಾಹ್ನದ ಮಂಗಳಾರತಿಯ ತನಕ ಆ ಕರಿಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಪುರಾಣ ಓದಿದೆ. ಮೊದಲ ಸೋಮವಾರ ಸುಖವಾಗಿಯೇ ಹೋಯಿತು. ಎರಡನೆಯದರಲ್ಲಿ ಪುರಾಣ ಬಹಳ ಉದ್ದವಿದೆ ಅನ್ನಿಸಿತು. ನಾಲ್ಕನೆಯದರಲ್ಲಿ ಬೆನ್ನು ಮುಗಿಯುವ ಜಾಗದಲ್ಲಿ ಏನೋ ಚುಚ್ಚಿತು. ಆರನೆಯದರಲ್ಲಿ, ಮಂಗಳಾರತಿಗೆ ಎದ್ದು ನಿಲ್ಲುವಾಗ, ಯಾರೋ ಮೊಳೆ ಬಡಿದಂತಾಯಿತು. ಕಣ್ಣಲ್ಲಿ ನೀರು ಬಂತು. ಅದೇ ಮುದುಕಿ ಪಕ್ಕದಲ್ಲಿದ್ದಳು. "ತಂದಿ ಹಂಗಽ ಮಗಳು ಅಂದಿದ್ವಿ," ಅಂದಳು ಕೈ ಮುಗಿದು.

ಎಂಟೂ ಮುಗಿಸಿದೆ. ಹರಕೆ ತೀರಿತು, ನೋವು ತೀರಲಿಲ್ಲ. ಹೇಳಿಕೊಳ್ಳಲು ಬಾಯಿಲ್ಲ. ಗಿರಣಿಯಲ್ಲಿ ನಿಂತವನು ನಿಂತೇ ಇರುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಗೊತ್ತಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತುಬಿಟ್ಟೆ.

ಅವ್ವ ತಾಟಿನಿಂದ ಮುಖ ಎತ್ತಿ ನೋಡಿದಳು. ಮನೆಯಾಕೆ ಸೆರಗು ಬಾಯಿಗೆ ಇಟ್ಟುಕೊಂಡಳು. ಮಗಳು ಸಿಂಬಿಯ ಮೇಲೆ ಕುಳಿತು ಉಣ್ಣುತ್ತಿದ್ದಳು. ಆಗ ಅವಳಿಗೆ ಮುಕ್ಕಾಲು ಪಾಲು ವಾಸಿಯಾಗಿ, ಎಂಟನೇತ್ತಕ್ಕೆ ಹೆಸರು ಹಚ್ಚುವ ಮಾತು ನಡೆದಿತ್ತು.

"ಏನಾತು ಯಪ್ಪಾ?"

"ಕುಂದ್ರಾಕ ಆಗವಲ್ದವ್ವಾ," ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ರಾಯಚೂರಿನಿಂದ ತಂದ ದೊಡ್ಡ ಲಕೋಟೆಯಿಂದ ನನ್ನ ಫೋಟೋ ತೆಗೆದುಕೊಂಡು ಬಂದು, ಕಿಟಕಿಯ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ಮೇಲಿಂದ ಕೆಳಗೆ ನೋಡಿದಳು.

"ಎಲುಬು ನೆಟ್ಟಗ ಅದ. ಕೀಲಿಕೈನೂ ಅದ. ಬ್ಯಾನಿ ಎಲ್ಲೂ ಕಾಣವಲ್ದು. ಮಿಷನ್ ಸುಳ್ಳು ಹೇಳಂಗಿಲ್ಲ ಯಪ್ಪಾ."

ನಾನು ರೊಟ್ಟಿ ಹಿಡಿದು ನಿಂತೇ ಇದ್ದೆ. ಅವಳು ಫೋಟೋ ಇಳಿಸಿ, ತನ್ನ ಸಿಂಬಿಯನ್ನು ನನ್ನ ತಾಟಿನ ಮುಂದೆ ಸರಿಸಿ, ಬಾಯಿ ಹಿಂದಕ್ಕೆ ಬರುವಂತೆ ತಿರುಗಿಸಿ ಇಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡು, ನಿಧಾನವಾಗಿ, ತಿಳಿದವರ ಹಾಗೆ ಹೇಳಿದಳು:

"ಬೆಳಿಯೋರಿಗೆ ಹಂಗ ಆಗ್ತದ. ಸುಮ್ಮನ ಕುಂದ್ರು."